ಮಗ್ಗದ ಸದ್ದು ನಿಂತ ಮನೆ

ದೊಡ್ಡಬಳ್ಳಾಪುರದ ನೇಕಾರರ ಬೀದಿಗಳಲ್ಲಿ ವಾಸಮಾಡುವವರಿಗೆ ವಿದ್ಯುತ್ ಮಗ್ಗದ ಸದ್ದು ಕಿವಿಗೆ ಬೀಳುವುದೇ ಇಲ್ಲ. ಅದು ನಿಂತಾಗ ಮಾತ್ರ ಬೀಳುತ್ತದೆ. ಎರಡು ವರ್ಷಗಳ ಹಿಂದೆ ಶ್ರಾವಣಮಾಸದ ಒಂದು ಬೆಳಗ್ಗೆ ನಮ್ಮ ನೆರೆಯ ಮನೆಯಲ್ಲಿ ಹಾಗೆ ಸದ್ದು ನಿಂತಿತು. ಆ ಮನೆಯ ಯಜಮಾನನಿಗೆ ನಾಲ್ವತ್ತೆರಡು ವರ್ಷ. ರಾತ್ರಿ ಉಂಡು ಮಲಗಿದವನು ಬೆಳಗ್ಗೆ ಏಳಲಿಲ್ಲ. ಹೆಂಡತಿ, ಒಂಬತ್ತನೆಯ ತರಗತಿಯ ಮಗ, ಅವನಿಗಿಂತ ಚಿಕ್ಕವಳಾದ ಮಗಳು, ಇಷ್ಟೇ ಅವನ ಸಂಸಾರ. ಮನೆ ಬಾಡಿಗೆಯದು, ಮಗ್ಗ ಪರರದು, ಅವನದೆಂದು ಹೇಳಬಹುದಾದುದು ಕೂಲಿ ಮಾತ್ರ.

ನಾವೂ ಬೀದಿಯ ಮೂವರು ಗೃಹಸ್ಥರೂ ಕೂಡಿ ಮನೆ ಮನೆ ತಿರುಗಿ ಹಣ ಕೂಡಿಸಿದೆವು. ಒಂಬತ್ತು ದಿನಗಳಲ್ಲಿ 64,000 ರೂಪಾಯಿ ಒದಗಿತು. ಕೊಟ್ಟವರಲ್ಲಿ ಬಹುಮಂದಿ ತಾವೂ ಕೂಲಿಯವರೇ. ಹನ್ನೊಂದನೆಯ ದಿನದ ಕಾರ್ಯದಲ್ಲಿ ಸೇರಿದ ಜನರೆದುರಿಗೆ ದಾನಿಗಳ ಹೆಸರನ್ನೂ ಮೊತ್ತವನ್ನೂ ನಾವು ಗಟ್ಟಿಯಾಗಿ ಓದಿದೆವು. ಲೆಕ್ಕ ನಿರ್ಮಲವಾಗಿರಬೇಕೆಂಬುದೇ ನಮ್ಮ ಉದ್ದೇಶವಾಗಿದ್ದಿತು. ಅನಂತರ ಹಣವನ್ನು ಸತ್ತವನ ಅಣ್ಣನ ಕೈಗೆ ಒಪ್ಪಿಸಿ, ಕರ್ತವ್ಯವು ಮುಗಿಯಿತೆಂಬ ತೃಪ್ತಿಯಿಂದ ಮನೆಗೆ ಬಂದೆವು.

ಮುಂದಿನ ವಾರ ಆ ಹುಡುಗನು ಶಾಲೆಗೆ ಹೋಗಲಿಲ್ಲವೆಂದು ತಿಳಿಯಿತು. ಹೋಗಿ ನೋಡಿದರೆ ಅವನು ತಂದೆಯ ಮಗ್ಗದ ಮುಂದೆ ನಿಂತಿದ್ದನು. ಪಕ್ಕದಲ್ಲಿ ಒಂದು ನೋಟುಪುಸ್ತಕ. ನಾವು ಓದಿದ ಪ್ರತಿಯೊಂದು ಹೆಸರನ್ನೂ ಮೊತ್ತವನ್ನೂ ಅವನು ಕಂಬದ ಮರೆಯಲ್ಲಿ ನಿಂತು ಬರೆದುಕೊಂಡಿದ್ದನು. “ಇದು ಮುಯ್ಯಿಯಲ್ಲವೇ, ಮೇಷ್ಟ್ರೇ? ಎಲ್ಲರಿಗೂ ತೀರಿಸಬೇಕಲ್ಲವೇ?” ಎಂದು ಕೇಳಿದನು.

ನಮಗೆ ಉತ್ತರ ಹೊಳೆಯಲಿಲ್ಲ. ಮದುವೆಯ ಮನೆಯಲ್ಲಿ ಮುಯ್ಯಿ ಬರೆಯಿಸುವುದು ನಮ್ಮ ಸೀಮೆಯ ಪದ್ಧತಿ. ಬರೆದುದೆಲ್ಲ ಹಿಂದಕ್ಕೆ ಕೊಡತಕ್ಕ ಸಾಲವೆಂದು ಮಕ್ಕಳೂ ಬಲ್ಲರು. ಸಾವಿನ ಮನೆಯಲ್ಲಿ ಅದೇ ಧ್ವನಿಯಿಂದ ಪಟ್ಟಿ ಓದಿದವರು ನಾವು. ಅವನು ಅದೇ ಅರ್ಥ ಮಾಡಿಕೊಂಡುದರಲ್ಲಿ ತಪ್ಪೇನು?

ಹಣದ ಗತಿಯನ್ನು ವಿಚಾರಿಸಿದಾಗ ಮತ್ತೊಂದು ಪಾಠವಾಯಿತು. ಕಾರ್ಯದ ಊಟಕ್ಕೆ 22,000 ಹೋಗಿದ್ದಿತು. ಮಗ್ಗದ ಮಾಲೀಕರಿಂದ ತಂದೆಯು ಪಡೆದಿದ್ದ 90,000 ರೂಪಾಯಿ ಮುಂಗಡದ ಪೈಕಿ 30,000 ಸಂದಿದ್ದಿತು. ತಾಯಿಯ ಕೈ ಸೇರಿದುದು 12,000 ಮಾತ್ರ. ಅಣ್ಣನು ದುಷ್ಟನಲ್ಲ, ಕುಲದ ಮಾನ ಉಳಿಯಲೆಂದು ಹಾಗೆ ಮಾಡಿದನು. ಮಿಕ್ಕ 60,000ವನ್ನು ಮಗನು ನೇಯ್ದು ತೀರಿಸಬೇಕೆಂದು ಹಿರಿಯರು ಮಾತನಾಡಿಕೊಂಡಿದ್ದರು.

ಪಿತೃಋಣವನ್ನು ಪುತ್ರನು ತೀರಿಸಬೇಕೆಂದು ಸ್ಮೃತಿಕಾರರು ವಿಧಿಸಿದುದುಂಟು. ನಾವೇ ಅದನ್ನು ಬಾಲ್ಯದಲ್ಲಿ ಓದಿದವರು. ಆದರೆ 2005ರಲ್ಲಿ ತಿದ್ದುಪಡಿಯಾದ ಹಿಂದೂ ಉತ್ತರಾಧಿಕಾರ ಕಾಯಿದೆಯು, ಆ ಧಾರ್ಮಿಕ ಕರ್ತವ್ಯವೊಂದನ್ನೇ ಆಧಾರಮಾಡಿಕೊಂಡು ತಂದೆಯ ಹೊಸ ಸಾಲಕ್ಕೆ ಮಗನನ್ನು ನ್ಯಾಯಾಲಯಕ್ಕೆ ಎಳೆಯಲಾಗದೆಂದು ಹೇಳಿದೆ. ಸತ್ತವನು ಬಿಟ್ಟುಹೋದ ಆಸ್ತಿಯಿದ್ದರೆ ಸಾಲವು ಅದರ ಮಿತಿಯಲ್ಲಿ ಸಲ್ಲುತ್ತದೆ. ಮಕ್ಕಳ ಮೈದುಡಿತಕ್ಕೆ ಅದು ಅಂಟುವುದಿಲ್ಲ. ತಂದೆ ಪಡೆದ ಮುಂಗಡಕ್ಕಾಗಿ ಮಗನನ್ನು ದುಡಿಮೆಗೆ ಕಟ್ಟಿಹಾಕುವುದನ್ನಂತೂ 1976ರ ಜೀತಪದ್ಧತಿ ನಿರ್ಮೂಲನ ಕಾಯಿದೆಯೇ ನಿಷೇಧಿಸಿದೆ. ಇದನ್ನು ನಾವು ಮಗ್ಗದ ಮಾಲೀಕರಿಗೆ ಮೃದುವಾಗಿ ತಿಳಿಸಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಬಳಿಕ ಲೆಕ್ಕದ ಪುಸ್ತಕ ತರಿಸಿ ಆ ಬಾಬನ್ನು ಹೊಡೆದುಹಾಕಿದರು.

ಒಂದು ತಿಂಗಳು ಕಳೆದ ಮೇಲೆ ಆ ತಾಯಿಯೊಡನೆ ಕುಳಿತು ಕಾಗದಪತ್ರಗಳನ್ನು ನೋಡಿದೆವು. ಸತ್ತವನ ಬ್ಯಾಂಕಿನ ಪಾಸುಪುಸ್ತಕದಲ್ಲಿ ಮೇ ತಿಂಗಳಲ್ಲಿ 436 ರೂಪಾಯಿ ಕಳೆದಿದ್ದಿತು. ಅದು ಪ್ರಧಾನಮಂತ್ರಿ ಜೀವನಜ್ಯೋತಿ ವಿಮೆಯ ವಾರ್ಷಿಕ ಕಂತು. 2015ರಲ್ಲಿ ಆರಂಭವಾದ ಈ ಯೋಜನೆಯಲ್ಲಿ, ಮರಣಕ್ಕೆ ಕಾರಣವೇನೇ ಇರಲಿ, 2 ಲಕ್ಷ ರೂಪಾಯಿ ನಾಮನಿರ್ದೇಶಿತರಿಗೆ ಸಲ್ಲುತ್ತದೆ. 20 ರೂಪಾಯಿ ಕಂತಿನ ಸುರಕ್ಷಾ ವಿಮೆಯು ಬೇರೆ. ಅದು ಅಪಘಾತಕ್ಕೆ ಮಾತ್ರ. ನಾವು ಒಂಬತ್ತು ದಿನ ತಿರುಗಿ ಕೂಡಿಸಿದುದರ ಮೂರರಷ್ಟು ಹಣವು ಆ ಮನೆಯ ಪೆಟ್ಟಿಗೆಯಲ್ಲಿಯೇ ಯಾರಿಗೂ ತಿಳಿಯದೆ ಬಿದ್ದಿದ್ದಿತು!

ಆದುದರಿಂದ ಇಂಥ ಪ್ರಸಂಗದಲ್ಲಿ ಮೊದಲು ತಿರುಗಬೇಕಾದುದು ಬೀದಿಯನ್ನಲ್ಲ, ಪಾಸುಪುಸ್ತಕದ ಹಾಳೆಗಳನ್ನು. ಮರಣವನ್ನು 21 ದಿನಗಳೊಳಗಾಗಿ ನೋಂದಾಯಿಸಿ ಪ್ರಮಾಣಪತ್ರದ ಕೆಲವು ಪ್ರತಿಗಳನ್ನು ಪಡೆಯಬೇಕು. ಬಡತನದ ರೇಖೆಯ ಕೆಳಗಿನ ಕುಟುಂಬದಲ್ಲಿ 18ರಿಂದ 59 ವರ್ಷದೊಳಗಿನ ದುಡಿಯುವ ಮುಖ್ಯಸ್ಥರು ತೀರಿಕೊಂಡರೆ, 1995ರಲ್ಲಿ ಹುಟ್ಟಿದ ರಾಷ್ಟ್ರೀಯ ಕುಟುಂಬ ಸಹಾಯ ಯೋಜನೆಯಂತೆ ಒಂದಾವರ್ತಿ 20,000 ರೂಪಾಯಿ ದೊರೆಯುತ್ತದೆ, ನಾಡಕಚೇರಿಯಲ್ಲಿ ವಿಚಾರಿಸಬೇಕು. ವಿಧವಾ ವೇತನದ ಅರ್ಜಿಯನ್ನೂ ಅಲ್ಲಿಯೇ ಕೇಳಬಹುದು. ಸತ್ತವರು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿಯೋ ಬೇರೆಡೆಯಲ್ಲಿಯೋ ಭವಿಷ್ಯನಿಧಿಗೆ ಸೇರಿದ್ದವರಾದರೆ, ನಿಧಿಯ ಹಣವಲ್ಲದೆ ಅದಕ್ಕೆ ಜೋಡಿಸಿದ ವಿಮೆಯೂ ಕುಟುಂಬದ ಪಿಂಚಣಿಯೂ ಇರುತ್ತವೆ. ಗುದ್ದಿದ ವಾಹನವು ಪತ್ತೆಯಾಗದ ರಸ್ತೆಯ ಅಪಘಾತದಲ್ಲಿ ಮರಣವಾದರೆ 2022ರಿಂದೀಚೆಗೆ 2 ಲಕ್ಷ ರೂಪಾಯಿ ಪರಿಹಾರವುಂಟು.

ಸರ್ಕಾರಿ ನೌಕರರ ಕುಟುಂಬಗಳು ಅನಾಥವಾಗಬಾರದೆಂದು ಮೈಸೂರು ಸಂಸ್ಥಾನವು 1891ರಲ್ಲಿಯೇ ವಿಮಾ ಇಲಾಖೆಯನ್ನು ತೆರೆಯಿತು. ಅದರ ಕಂತು ನಮ್ಮ ಸಂಬಳದಿಂದ ಪ್ರತಿ ತಿಂಗಳೂ ಕಳೆಯುತ್ತಿದ್ದಾಗ ನಾವು ಗೊಣಗಿದ್ದುಂಟು. ಕೂಲಿಯವನಿಗೆ ಅಂಥ ಕಟ್ಟುಪಾಡು ಇಲ್ಲ. ನೆರೆಯವರ ನೆನಪೇ ಅವನ ಕಟ್ಟುಪಾಡು.

ಹಾಗೆಂದು ನೆರೆಯವರ ನೆರವು ವ್ಯರ್ಥವೆಂದಲ್ಲ. ವಿಮೆಯ ಹಣ ಕೈಸೇರುವವರೆಗೆ ಒಲೆ ಉರಿಯಬೇಕಷ್ಟೆ. ಆದರೆ ಅದರ ಕ್ರಮ ಬೇರೆಯಿರಬೇಕು. ಹಣವು ತಾಯಿಯ ಹೆಸರಿನ ಖಾತೆಗೆ ನೇರವಾಗಿ ಸೇರಲಿ. ಲೆಕ್ಕದ ಹಾಳೆಯನ್ನು ದಾನಿಗಳು ಕೇಳಿದರೆ ತೋರಿಸೋಣ. ಮಕ್ಕಳೆದುರು ಓದುವುದು ಬೇಡ. ಮೊದಲ ವಾರದಲ್ಲಿ ಎಲ್ಲರೂ ಬರುತ್ತಾರೆ, ಆರನೆಯ ತಿಂಗಳಲ್ಲಿ ಯಾರೂ ಇರುವುದಿಲ್ಲ. ಹಿಂದೆ ಬಡ ವಿದ್ಯಾರ್ಥಿಯು ವಾರಾನ್ನದಿಂದ ಓದುತ್ತಿದ್ದನು. ದಿನಕ್ಕೊಂದು ಮನೆಯಂತೆ ಏಳು ಮನೆಗಳು, ಯಾವ ಮನೆಗೂ ಭಾರವಿಲ್ಲ. ಅದೇ ರೀತಿ ಹತ್ತು ಮನೆಗಳು ತಿಂಗಳಿಗೆ 300 ರೂಪಾಯಿನಂತೆ ಮೂರು ವರ್ಷ ಕೊಟ್ಟರೆ 1,08,000 ರೂಪಾಯಿಯಾಗುತ್ತದೆ. ನಮ್ಮ ಬೀದಿಯಲ್ಲಿ ಈಗ ಹೀಗೆಯೇ ನಡೆದಿದೆ.

ನಮ್ಮ ತಾಲ್ಲೂಕಿನ ನೆರೆಯದಾದ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಸಂಸ್ಕೃತ ವಿದ್ವಾಂಸರಾದ ತಂದೆಯನ್ನು ಹುಡುಗತನದಲ್ಲಿಯೇ ಕಳೆದುಕೊಂಡರು. ಸೋದರಮಾವ ರಾಮಯ್ಯನವರು ಬೆಂಗಳೂರಿನಲ್ಲಿ ಆಶ್ರಯವಿತ್ತರು. ಮಕ್ಕಳಿಗೆ ಪಾಠ ಹೇಳಿ ಅವರು ತಾವೂ ಸಂಪಾದಿಸಿದರು. 1881ರಲ್ಲಿ ಬಿ.ಎ. ಮುಗಿದ ಮೇಲೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನವು ಅವರನ್ನು ಪುಣೆಗೆ ಕಳುಹಿಸಿತು. ಬಂಧುಗಳು, ಸ್ವಂತ ದುಡಿಮೆ, ಸರ್ಕಾರ, ಈ ಮೂರೂ ಕೂಡಿದುದರಿಂದ 1912ರಲ್ಲಿ ಸಂಸ್ಥಾನಕ್ಕೆ ಅಂಥ ದಿವಾನರು ದೊರೆತರು. ಆದರೆ ಆ ದುಡಿಮೆಯು ವಿದ್ಯೆಯನ್ನು ಬಿಡಿಸಿದ ದುಡಿಮೆಯಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಆ ಹುಡುಗನು ಶಾಲೆಗೆ ಮರಳಿದನು. ಕಳೆದ ಗೌರಿಹಬ್ಬದಂದು ತಾಯಿಯು ಕಳುಹಿಸಿದ ಬಾಗಿನವನ್ನು ನಮ್ಮ ಮನೆಯವರಿಗೆ ತಂದುಕೊಟ್ಟು, ಆ ನೋಟುಪುಸ್ತಕವನ್ನು ಏನು ಮಾಡಲೆಂದು ನಮ್ಮನ್ನು ಕೇಳಿದನು. “ಹೆಸರುಗಳು ಇರಲಿ, ಮೊತ್ತಗಳನ್ನು ಹೊಡೆದುಹಾಕಪ್ಪ” ಎಂದೆವು. ಅವನು ಅಲ್ಲಿಯೇ ಜಗಲಿಯ ಮೇಲೆ ಕುಳಿತು, ಅಡ್ಡಪಟ್ಟಿಯಿಟ್ಟು, ಒಂದೊಂದಾಗಿ ಗೆರೆ ಎಳೆದನು.