ಜನಾಂಗದ್ವೇಷದ ಹಿಂಸೆಯೂ ಕ್ರೈಸ್ತಗುರುಗಳ ಬಹಿರಂಗವಾಣಿಯೂ

ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ಮಾರ್ಗದಲ್ಲಿರುವ ಪೀರನವಾಡಿಯಲ್ಲಿ 2020ನೆಯ ಆಗಸ್ಟ್ ತಿಂಗಳಲ್ಲಿ ಸಂಗೊಳ್ಳಿ ರಾಯಣ್ಣನ ಪ್ರತಿಮೆಯ ನಿಮಿತ್ತವಾಗಿ ಕನ್ನಡಿಗರಿಗೂ ಮರಾಠೀ ಭಾಷಿಕರಿಗೂ ಕಲಹವುಂಟಾಯಿತು. ಅದು ವರ್ಣದ್ವೇಷವಲ್ಲ, ಆದರೆ ಮನುಷ್ಯನಿಗಿಂತ ಮೊದಲು ಅವನ ಗುಂಪನ್ನು ನೋಡುವ ದೃಷ್ಟಿ ಎರಡಕ್ಕೂ ಬೀಜವು. ಈ ಪ್ರದೇಶವು ಸೇರಿರುವ ಬೆಳಗಾವಿಯ ಕಥೋಲಿಕ ಧರ್ಮಪ್ರಾಂತವು 1953ರಲ್ಲಿ ಸ್ಥಾಪಿತವಾದುದು. ಅದರ ಇಗರ್ಜಿಗಳಲ್ಲಿ ಕೊಂಕಣಿ, ಮರಾಠಿ, ಕನ್ನಡಗಳೆಲ್ಲವೂ ಪೂಜಾಭಾಷೆಗಳು. ಇಂತಹ ಸಭೆಯ ಗುರುವು ಹಿಂಸೆಯನ್ನು ಕುರಿತು ಬಹಿರಂಗವಾಗಿ ನುಡಿದಾಗ ಆ ವಾಕ್ಯದಲ್ಲಿ ಕರ್ತೃವಾರು, ಸಂಬೋಧಿತನಾರು ಎಂಬೆರಡನ್ನೂ ವಿಚಾರಿಸತಕ್ಕದ್ದು.

ಇದಕ್ಕೆ ಅಮೆರಿಕದ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಸ್ಫುಟವಾದ ನಿದರ್ಶನವುಂಟು. 1963ನೆಯ ಏಪ್ರಿಲ್ 12ರಂದು ಎಂಟು ಮಂದಿ ಶ್ವೇತವರ್ಣದ ಧರ್ಮಗುರುಗಳು (ಇವರಲ್ಲಿ ಒಬ್ಬರು ಯೆಹೂದ್ಯರು) ಕಪ್ಪುಜನರ ಮೆರವಣಿಗೆಗಳು ಅಕಾಲಿಕವೆಂದು ಪ್ರಕಟಿಸಿ, ಪೊಲೀಸರನ್ನು ಪ್ರಶಂಸಿಸಿದರು. ಹಕ್ಕುಗಳು ನಿರಾಕೃತವಾದರೆ ನ್ಯಾಯಾಲಯಕ್ಕೆ ಹೋಗಬೇಕೆಂದರು. ನಿರಾಕರಿಸಿದವರಾರೆಂಬುದು ಕರ್ಮಣಿ ಪ್ರಯೋಗದ ಮರೆಯಲ್ಲಿ ಉಳಿಯಿತು. ವೈಯಾಕರಣರು ನಗಬಹುದು, ಆದರೆ ಪೀಡಿತನ ಪಾಲಿಗೆ ಈ ಕರ್ತೃಲೋಪವು ಸಣ್ಣ ದೋಷವಲ್ಲ. ಪಾದ್ರಿಯೇ ಆಗಿದ್ದ ಮಾರ್ಟಿನ್ ಲೂಥರ್ ಕಿಂಗ್ ಸೆರೆಮನೆಯಿಂದ ಏಪ್ರಿಲ್ 16ರ ಪತ್ರವನ್ನು ಬರೆದುದು ಪೀಡಕರಿಗಲ್ಲ, ಈ ಸಹೋದ್ಯೋಗಿಗಳಿಗೇ. ಅದೇ ವರ್ಷದ ಸೆಪ್ಟೆಂಬರ್ 15ರಂದು ಅಲ್ಲಿಯ ಇಗರ್ಜಿಯೊಂದರಲ್ಲಿ ಬಾಂಬು ಸಿಡಿದು ನಾಲ್ವರು ಬಾಲಿಕೆಯರು ಮಡಿದರು. ಅವರಲ್ಲಿ ಮೂವರ ಅಂತ್ಯಕ್ರಿಯೆಯ ಉಪದೇಶದಲ್ಲಿ ಕಿಂಗ್ ಮೌನವಾಗಿದ್ದ ಗುರುಗಳನ್ನೂ ಎತ್ತಿ ಆಡಿದನು.

ಕರ್ನಾಟಕದಲ್ಲಿ ಸಂಬೋಧನೆಯು ಹೆಚ್ಚಾಗಿ ಪ್ರಭುತ್ವದ ಕಡೆಗೆ. 2008ನೆಯ ಸೆಪ್ಟೆಂಬರ್ 14ರಂದು ಮಂಗಳೂರು ಮೊದಲಾದೆಡೆ ಪ್ರಾರ್ಥನಾಮಂದಿರಗಳ ಮೇಲೆ ದಾಳಿಗಳಾದ ಬಳಿಕ, ಬೆಂಗಳೂರಿನ ಆರ್ಚ್‌ಬಿಷಪ್ ಬರ್ನಾರ್ಡ್ ಮೊರಾಸರು ಮುಖ್ಯಮಂತ್ರಿ ಯಡಿಯೂರಪ್ಪನವರಿಗೆ ಪತ್ರಿಕಾಕರ್ತರ ಸಮಕ್ಷಮದಲ್ಲೇ ತಮ್ಮ ನೋವನ್ನು ತಿಳಿಸಿದರು. ಅದು ಧೈರ್ಯದ ಮಾತೇ. ಆದರೆ ಅಲ್ಲಿ ಗಾಯವು ತಮ್ಮ ಸಭೆಯದು. ಕುಲಕ್ಕಾಗಿ ಹೊಡೆತ ತಿಂದ ಅನ್ಯನಿಗಾಗಿ ನುಡಿಯುವುದು ಬೇರೊಂದು ಪರೀಕ್ಷೆ.

2023ನೆಯ ಮೇ 3ರಂದು ಮಣಿಪುರದಲ್ಲಿ ಮೈತೇಯಿ, ಕುಕಿ ಜನಾಂಗಗಳ ನಡುವೆ ಹಿಂಸೆ ತೊಡಗಿದಾಗ ಬೆಂಗಳೂರಿನ ಆರ್ಚ್‌ಬಿಷಪ್ ಪೀಟರ್ ಮಚಾಡೊ ಅವರು ಕ್ರೈಸ್ತರ ಪರವಾಗಿ ಕಳವಳವನ್ನು ಪ್ರಕಟಿಸಿದರು. ಇಂಫಾಲದ ಆರ್ಚ್‌ಬಿಷಪ್ ಡೊಮಿನಿಕ್ ಲುಮೊನ್ ಅವರ ಜೂನ್ ತಿಂಗಳ ಪತ್ರವಾದರೋ ಮೈತೇಯಿ ಕ್ರೈಸ್ತರ 249 ಇಗರ್ಜಿಗಳೂ ನಾಶವಾದುವೆಂದು ತಿಳಿಸಿತು. ಜನಾಂಗಕಲಹವೊಂದೇ ಎಂದರೂ ಮತಕಲಹವೊಂದೇ ಎಂದರೂ ಸಾಲದೆಂಬುದು ಇದರಿಂದ ವ್ಯಕ್ತ.

ಸ್ವಸಭೆಯನ್ನೇ ಸಂಬೋಧಿಸಿದ ಲೇಖವೊಂದು ಭಾರತದಲ್ಲಿಯೂ ಉಂಟು. 2016ನೆಯ ದಶಂಬರದಲ್ಲಿ ಭಾರತದ ಕಥೋಲಿಕ ಬಿಷಪ್ಪರ ಸಮ್ಮೇಳನವು ದಲಿತರ ಸಬಲೀಕರಣದ ನೀತಿಪತ್ರವನ್ನು ಪ್ರಕಟಿಸಿ, ಅಸ್ಪೃಶ್ಯತೆಯು ಸಭೆಯೊಳಗೂ ಇದೆಯೆಂದು ಒಪ್ಪಿಕೊಂಡಿತು. ಅಲ್ಲಿ ಕರ್ತೃಲೋಪವಿಲ್ಲ.