ಕೊನೆಯ ಪುಟದಿಂದ ಶುರುವಾದ ಸಿನಿಮಾ

ವಯಸ್ಸಾದ ಗಂಡ ಹೆಂಡತಿ ಸೋಫಾದ ಮೇಲೆ ಕೂತಿದ್ದಾರೆ. ಮಾತೆಲ್ಲ ಗಂಡನದೇ. ಗೆಳೆಯನ ಜೊತೆ ಹೋಟೆಲಿನಲ್ಲಿ ಕೂತಿದ್ದಾಗ ಚೆಂದದ ಹುಡುಗಿಯೊಬ್ಬಳು ಒಳಗೆ ಬಂದಳಂತೆ. ನಾನು ಮದುವೆಯಾಗೋದು ಇವಳನ್ನೇ ಎಂದು ಗೆಳೆಯನಿಗೆ ಹೇಳಿದನಂತೆ. ಎರಡೇ ವಾರಕ್ಕೆ ಮದುವೆಯೂ ಆಯಿತಂತೆ. ಅದಾಗಿ ಐವತ್ತು ವರ್ಷ ದಾಟಿದೆ, ಈಗಲೂ ಜೊತೆಗಿದ್ದೇವೆ ಎಂಬಲ್ಲಿಗೆ ಕಥೆ ಮುಗಿಯುತ್ತದೆ. ಇದಕ್ಕೆಲ್ಲ ಒಂದು ನಿಮಿಷವೂ ಹಿಡಿಯುವುದಿಲ್ಲ.

ಮರುಕ್ಷಣ ನಾವು 1977ರ ಶಿಕಾಗೊ ವಿಶ್ವವಿದ್ಯಾಲಯದಲ್ಲಿರುತ್ತೇವೆ. ಹುಡುಗ ಹುಡುಗಿ ಇಬ್ಬರು ಲೋಕದ ಪರಿವೆಯಿಲ್ಲದೆ ಮುತ್ತಿಡುತ್ತ ನಿಂತಿದ್ದಾರೆ. ಈಗಷ್ಟೇ ಮುದುಕನ ಕಥೆ ಕೇಳಿದ ನಮಗೆ, ಇವರೇ ಆ ಜೋಡಿ ಅನ್ನಿಸುತ್ತದೆ. ಆದರೆ ನಾಯಕಿ ಅವಳಲ್ಲ. ಪಕ್ಕದಲ್ಲಿ ಕಾರು ತಂದು ನಿಲ್ಲಿಸಿಕೊಂಡು, ಎತ್ತ ನೋಡಬೇಕೆಂದು ತಿಳಿಯದೆ ಕಾಯುತ್ತಿರುವವಳು. ಅವಳೇ ಸ್ಯಾಲಿ. ಮುತ್ತಿಡುತ್ತಿರುವ ಹುಡುಗಿ ಅವಳ ಗೆಳತಿ, ಹುಡುಗ ಹ್ಯಾರಿ. 1989ರಲ್ಲಿ ತೆರೆಕಂಡ ‘ವೆನ್ ಹ್ಯಾರಿ ಮೆಟ್ ಸ್ಯಾಲಿ’ ನಮ್ಮನ್ನು ಮೊದಲು ನಗಿಸುವುದು ಸಂಭಾಷಣೆಯಿಂದಲ್ಲ, ಎರಡು ದೃಶ್ಯಗಳನ್ನು ಒಂದರ ಪಕ್ಕ ಒಂದು ಇಟ್ಟ ಕತ್ತರಿಯ ಕೆಲಸದಿಂದ.

ಈ ಆರಂಭ ಒಂದೇ ಏಟಿಗೆ ಹೊಳೆದದ್ದಲ್ಲ. 1984ರಲ್ಲಿ ನಿರ್ದೇಶಕ ರಾಬ್ ರೈನರ್ ಮತ್ತು ನಿರ್ಮಾಪಕ ಆಂಡ್ರ್ಯೂ ಶೈನ್‌ಮನ್ ನ್ಯೂಯಾರ್ಕಿನಲ್ಲಿ ಬರಹಗಾರ್ತಿ ನೋರಾ ಎಫ್ರಾನ್ ಅವರನ್ನು ಊಟಕ್ಕೆ ಕರೆದರು. ಅವರು ತಂದಿದ್ದ ಕಥೆಯ ಎಳೆ ಎಫ್ರಾನ್‌ಗೆ ಹಿಡಿಸಲಿಲ್ಲ. ಕೆಲಸದ ಮಾತು ಅಲ್ಲಿಗೆ ಮುಗಿದರೂ ಊಟ ಬಾಕಿ ಇತ್ತು. ರೈನರ್ ಕೆಲವು ವರ್ಷಗಳ ಹಿಂದೆ ವಿಚ್ಛೇದನ ಪಡೆದವರು. ಎಫ್ರಾನ್ ಪತ್ರಕರ್ತೆಯಾಗಿದ್ದವರು, ಕೆದಕಿ ಕೇಳುವುದು ಅವರಿಗೆ ರೂಢಿ. ಒಂಟಿ ಗಂಡಸರ ಬದುಕಿನ ಬಗ್ಗೆ ಅವರು ಪ್ರಶ್ನೆ ಹಾಕುತ್ತ ಹೋದರು, ಇವರು ಎಲ್ಲವನ್ನೂ ಹೇಳಿಕೊಂಡರು. ಮುಂದಿನ ಭೇಟಿಯಲ್ಲಿ ರೈನರ್ ಹೊಸ ಎಳೆಯೊಂದನ್ನು ಮುಂದಿಟ್ಟರು: ಬರೀ ಸ್ನೇಹಿತರಾಗಿ ಉಳಿಯೋಣ ಎಂದು ನಿರ್ಧರಿಸಿದ ಒಬ್ಬ ಗಂಡಸು, ಒಬ್ಬ ಹೆಂಗಸು, ಆ ನಿರ್ಧಾರ ಮುರಿದುಬೀಳುವ ಕಥೆ. ಎಫ್ರಾನ್ ಒಪ್ಪಿದರು. ತನ್ನ ಮಂಕುತನವನ್ನು ಚಪ್ಪರಿಸಿಕೊಂಡು ಹೇಳುತ್ತಿದ್ದ ರೈನರ್ ಹ್ಯಾರಿಯಾದರು, ಎಫ್ರಾನ್ ಸ್ಯಾಲಿಯಾದರು.

ಸೋಫಾ ಎಲ್ಲಿಂದ ಬಂತು? ಅದೇ 1984ರಲ್ಲಿ ರೈನರ್ ‘ದಿಸ್ ಈಸ್ ಸ್ಪೈನಲ್ ಟ್ಯಾಪ್’ ಎಂಬ ಸಿನಿಮಾ ಮಾಡಿದ್ದರು. ಇಲ್ಲದ ರಾಕ್ ತಂಡದ ಬಗ್ಗೆ ಹುಸಿ ಸಾಕ್ಷ್ಯಚಿತ್ರ ಅದು. ಅದರಲ್ಲಿ ಸಾಕ್ಷ್ಯಚಿತ್ರಕಾರನ ಪಾತ್ರವೂ ಅವರದೇ. ಜನರನ್ನು ಕೂರಿಸಿ ಮಾತಾಡಿಸಿದರೆ ಪ್ರೇಕ್ಷಕ ಪ್ರಶ್ನೆಯಿಲ್ಲದೆ ನಂಬುತ್ತಾನೆ ಎಂಬುದನ್ನು ಅಲ್ಲಿ ನಗುವಿಗಾಗಿ ಬಳಸಿದ್ದರು. ಇಲ್ಲಿ ಅದನ್ನೇ ಕಣ್ಣು ತೇವಗೊಳಿಸಲು ಬಳಸಿದರು ಎಂಬುದು ನನ್ನ ಊಹೆ. ಎರಡೂ ಚಿತ್ರಗಳ ಸಂಕಲನದಲ್ಲಿ ರಾಬರ್ಟ್ ಲೇಟನ್ ಇದ್ದದ್ದೂ ಈ ಊಹೆಗೆ ಬಲ ಕೊಡುತ್ತದೆ. ಚಿತ್ರದ ನಡುನಡುವೆ ಸೋಫಾದ ಮೇಲೆ ಬರುವ ದಂಪತಿಗಳೆಲ್ಲ ನಟರು, ಅವರು ಹೇಳುವ ಕಥೆಗಳು ಮಾತ್ರ ನಿಜವಾದ ದಂಪತಿಗಳಿಂದ ಕೇಳಿ ಸಂಗ್ರಹಿಸಿದವು. ಮೊದಲ ಸಲ ನೋಡಿದವರಿಗೆ ಇದು ತಿಳಿಯುವುದೇ ಇಲ್ಲ.

ಛಾಯಾಗ್ರಾಹಕ ಬ್ಯಾರಿ ಸೊನ್ನೆನ್‌ಫೆಲ್ಡ್. ಇವರು ಕೋಯೆನ್ ಸಹೋದರರ ‘ರೈಸಿಂಗ್ ಅರಿಜೋನಾ’ದಲ್ಲಿ ಕ್ಯಾಮೆರಾವನ್ನು ನೆಲ ಸವರಿಕೊಂಡು ಓಡಿಸಿದವರು. ಆ ಕೈಚಳಕವನ್ನು ಇಲ್ಲಿ ಮೂಟೆ ಕಟ್ಟಿ ಪಕ್ಕಕ್ಕಿಟ್ಟಿದ್ದಾರೆ. ಕ್ಯಾಮೆರಾ ದಂಪತಿಗಳ ಎದುರಿಗೆ ಸುಮ್ಮನೆ ಕೂತು ಕೇಳಿಸಿಕೊಳ್ಳುತ್ತದೆ.

ಹ್ಯಾರಿ, ಸ್ಯಾಲಿ ಇಬ್ಬರೇ ಒಂದೇ ಕಾರಿನಲ್ಲಿ ನ್ಯೂಯಾರ್ಕಿಗೆ ಹೊರಟ ಮೇಲೆ ಗಮನಿಸಬೇಕಾದದ್ದು ಅವರು ಕೂತಿರುವ ಬಗೆ. ಅಕ್ಕಪಕ್ಕ, ಮುಖ ಒಂದೇ ದಿಕ್ಕಿಗೆ. ಅಂದರೆ ಸೋಫಾದ ಮೇಲಿನ ಮುದುಕ ಮುದುಕಿಯ ಭಂಗಿಯೇ. ವ್ಯತ್ಯಾಸವೆಂದರೆ ಇವರಿಗೆ ಒಬ್ಬರನ್ನೊಬ್ಬರು ಕಂಡರಾಗದು, ಎದ್ದುಹೋಗುವ ಹಾಗೂ ಇಲ್ಲ. ಹದಿನೆಂಟು ಗಂಟೆಯ ದಾರಿ. ಮೂರು ಮೂರು ಗಂಟೆಯಂತೆ ಆರು ಪಾಳಿ ಎಂದು ಸ್ಯಾಲಿ ಲೆಕ್ಕ ಹಾಕಿಟ್ಟಿದ್ದಾಳೆ, ಎಲ್ಲೆಲ್ಲಿ ಪಾಳಿ ಬದಲಾಗಬೇಕೆಂದು ನಕ್ಷೆಯಲ್ಲಿ ಗುರುತೂ ಮಾಡಿದ್ದಾಳೆ. ಹ್ಯಾರಿ ದ್ರಾಕ್ಷಿ ತಿಂದು ಬೀಜವನ್ನು ಹೊರಗೆ ಉಗಿಯುತ್ತಾನೆ, ಗಾಜು ಮುಚ್ಚಿದೆ. ಆಮೇಲೆ ಗಾಜು ಇಳಿಸುತ್ತಾನೆ. ಇಬ್ಬರ ಸ್ವಭಾವವನ್ನೂ ಇದಕ್ಕಿಂತ ಅಗ್ಗದಲ್ಲಿ ಹೇಳಲು ಸಾಧ್ಯವಿಲ್ಲ.

(ಶಿಕಾಗೊ ಬಲ್ಲವರು ಇಲ್ಲಿ ನಗುವ ಇನ್ನೊಂದು ಕಾರಣವಿದೆ. ವಿಶ್ವವಿದ್ಯಾಲಯ ಇರುವುದು ನಗರದ ದಕ್ಷಿಣಕ್ಕೆ. ನ್ಯೂಯಾರ್ಕಿಗೆ ಹೊರಟವರು ನಗರಮಧ್ಯದ ಗಗನಚುಂಬಿಗಳ ಕಡೆ ಸುಳಿಯಬೇಕಾಗಿಯೇ ಇಲ್ಲ. ಕ್ಯಾಮೆರಾಕ್ಕೆ ಚೆಂದದ ನೋಟ ಬೇಕಿತ್ತು, ಕಾರು ಸುತ್ತು ಹಾಕಿತು.)

ಇನ್ನು ಮಾತು. ಹೊಸ ಪುಸ್ತಕ ಕೊಂಡರೆ ಕೊನೆಯ ಪುಟವನ್ನೇ ಮೊದಲು ಓದುತ್ತೇನೆ, ನಡುವೆ ಸತ್ತರೂ ಮುಕ್ತಾಯ ಗೊತ್ತಿರುತ್ತದಲ್ಲ ಎನ್ನುತ್ತಾನೆ ಹ್ಯಾರಿ. ಸ್ಯಾಲಿಗೆ ಇದು ಬರೀ ಒಣ ಜಂಭವಾಗಿ ಕೇಳಿಸುತ್ತದೆ. ಆದರೆ ಸಿನಿಮಾ ಈಗಷ್ಟೇ ಮಾಡಿದ್ದೂ ಅದನ್ನೇ ಅಲ್ಲವೇ? ಮುಪ್ಪಿನ ದಾಂಪತ್ಯ ಎಂಬ ಕೊನೆಯ ಪುಟ ತೋರಿಸಿ, ಆಮೇಲೆ ಮೊದಲ ಪುಟಕ್ಕೆ ಬಂದಿದೆ. ಸಾಲದ್ದಕ್ಕೆ ಇಬ್ಬರೂ ‘ಕಾಸಾಬ್ಲಾಂಕಾ’ದ ಬಗ್ಗೆ ಜಗಳಕ್ಕೆ ಬೀಳುತ್ತಾರೆ. ಜಗಳದ ವಿಷಯವೂ ಆ ಚಿತ್ರದ ಮುಕ್ತಾಯವೇ. ಗಂಡು ಹೆಣ್ಣು ಬರೀ ಸ್ನೇಹಿತರಾಗಿರಲು ಸಾಧ್ಯವಿಲ್ಲ ಎಂಬ ಹ್ಯಾರಿಯ ವಾದವನ್ನು ಎಲ್ಲರೂ ನೆನಪಿಟ್ಟಿದ್ದಾರೆ. ನನಗಾದರೆ ಈ ಕೊನೆಯ ಪುಟದ ಮಾತೇ ಇಡೀ ಚಿತ್ರದ ಕೀಲಿ.

ದಾರಿಯಲ್ಲಿ ಊಟಕ್ಕೆ ನಿಂತಾಗ ಸ್ಯಾಲಿ ಆ್ಯಪಲ್ ಪೈ ಹೇಳುವ ರೀತಿಯನ್ನು ಎಫ್ರಾನ್ ಎಲ್ಲೂ ಹುಡುಕಬೇಕಿರಲಿಲ್ಲ. ಪೈ ಬಿಸಿ ಮಾಡಿರಬೇಕು, ಐಸ್‌ಕ್ರೀಮ್ ಪಕ್ಕಕ್ಕಿರಬೇಕು, ಅದು ಇಂಥದ್ದೇ ಆಗಿರಬೇಕು, ಇಲ್ಲವಾದರೆ ಹೀಗೆ, ಅದೂ ಇಲ್ಲವಾದರೆ ಹಾಗೆ. ಊಟಕ್ಕೆ ಕೂತಾಗ ಎಫ್ರಾನ್ ಹೀಗೇ ಹೇಳುವುದನ್ನು ಕಂಡು, ಇದು ಚಿತ್ರದಲ್ಲಿರಲಿ ಎಂದವರು ರೈನರ್. ಹ್ಯಾರಿಯಾಗಿ ಬಿಲ್ಲಿ ಕ್ರಿಸ್ಟಲ್ ಬಿಟ್ಟ ಕಣ್ಣು ಬಿಟ್ಟಂತೆ ಅವಳನ್ನು ನೋಡುತ್ತಾರೆ. ಸ್ಯಾಲಿಯಾಗಿ ಮೆಗ್ ರಯಾನ್ ಇದರಲ್ಲಿ ವಿಚಿತ್ರವೇನಿದೆ ಎಂಬಂತೆ ಇರುತ್ತಾರೆ. ಚಿತ್ರ ಶುರುವಾಗಿ ಸುಮಾರು ಹತ್ತು ನಿಮಿಷಕ್ಕೆ ಕಾರು ನ್ಯೂಯಾರ್ಕಿನ ವಾಷಿಂಗ್ಟನ್ ಸ್ಕ್ವೇರ್ ಕಮಾನಿನ ಬಳಿ ನಿಲ್ಲುತ್ತದೆ, ಇಬ್ಬರೂ ಕೈಕುಲುಕಿ ದೂರಾಗುತ್ತಾರೆ. ಪ್ರೇಮಕಥೆಯೊಂದು ನಾಯಕ ನಾಯಕಿಯನ್ನು ಇಷ್ಟು ಸಲೀಸಾಗಿ ಬೇರೆ ಮಾಡಿ, ಐದು ವರ್ಷ ಜಿಗಿಯುವುದು ಧೈರ್ಯದ ಕೆಲಸ.

ಅಸಲಿಗೆ ಚಿತ್ರದ ಕೊನೆಯ ಪುಟವೇ ಬೇರೆ ಇತ್ತು. ಮೊದಲು ಬರೆದ ಚಿತ್ರಕಥೆಯಲ್ಲಿ ಹ್ಯಾರಿ ಸ್ಯಾಲಿ ಒಂದಾಗುವುದಿಲ್ಲ. ಚಿತ್ರೀಕರಣದ ಸಮಯದಲ್ಲಿ ರೈನರ್‌ಗೆ ಸೊನ್ನೆನ್‌ಫೆಲ್ಡ್ ಮೂಲಕ ಛಾಯಾಗ್ರಾಹಕಿ ಮಿಶೆಲ್ ಸಿಂಗರ್ ಪರಿಚಯವಾದರು. ಅವರನ್ನು ಪ್ರೀತಿಸತೊಡಗಿದ ರೈನರ್ ಮುಕ್ತಾಯ ಬದಲಿಸಿದರು. 1989ರಲ್ಲೇ ಅವರಿಬ್ಬರ ಮದುವೆಯೂ ಆಯಿತು. ಬೇರೆಯಾಗುವ ಮುಕ್ತಾಯವೇ ಹೆಚ್ಚು ಪ್ರಾಮಾಣಿಕ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹಾಗಾಗಿದ್ದರೆ ನಡುನಡುವೆ ಬರುವ ಅಷ್ಟೂ ದಂಪತಿಗಳು ನಾಯಕ ನಾಯಕಿಯನ್ನು ಅಣಕಿಸಲು ಬಂದವರಾಗುತ್ತಿದ್ದರು.

2004ರ ಹಿಂದಿ ಚಿತ್ರ ‘ಹಮ್ ತುಮ್’ ನೋಡಿದವರಿಗೆ ಈ ಎಳೆ ಪರಿಚಿತ ಅನ್ನಿಸಬಹುದು. ಅಲ್ಲೂ ಪ್ರಯಾಣದಲ್ಲಿ ಭೇಟಿ, ವರ್ಷಗಳ ಜಿಗಿತ, ಮತ್ತೆ ಮತ್ತೆ ಎದುರಾಗುವುದು. ದಂಪತಿಗಳ ಜಾಗಕ್ಕೆ ಕಾರ್ಟೂನು ಬೊಂಬೆಗಳು ಬಂದವು. ಬೊಂಬೆಗಳು ತಮಾಷೆಯಾಗಿವೆ ನಿಜ, ಆದರೆ ಅವಕ್ಕೆ ವಯಸ್ಸಾಗುವುದಿಲ್ಲ, ಹಾಗಾಗಿ ಕೊನೆಯ ಪುಟ ತೋರಿಸುವ ಶಕ್ತಿಯೂ ಇಲ್ಲ.

ಎಫ್ರಾನ್ ಚಿತ್ರಕಥೆ ಆಸ್ಕರ್‌ಗೆ ನಾಮನಿರ್ದೇಶನಗೊಂಡಿತು, ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿ ಗೆದ್ದಿತು. ಅದು ಪುಸ್ತಕವಾಗಿಯೂ ಬಂದಿದೆ, ಎಫ್ರಾನ್ ಬರೆದ ಮುನ್ನುಡಿ ಸಮೇತ. ಚಿತ್ರಕಥೆ ಬರೆಯಬೇಕೆಂದಿರುವ ನಮ್ಮ ಹುಡುಗ ಹುಡುಗಿಯರು ಬೇರೇನೂ ಓದದಿದ್ದರೂ ಆ ಮುನ್ನುಡಿಯನ್ನು ಹುಡುಕಿ ಓದಲಿ.