ನಿಮಗಿದು ಗೊತ್ತೆ? 80 ಸೆಂ.ಮೀ. ಉದ್ದದ ಇಟ್ಟಿಗೆ ನೌಕೆ!

ಲೆಗೋ ಇಟ್ಟಿಗೆಗಳಲ್ಲಿ ಸ್ವಂತ ಕಲ್ಪನೆಯ ಬಾಹ್ಯಾಕಾಶ ನೌಕೆ ಕಟ್ಟುವ ದೊಡ್ಡವರ ಬಳಗ ಜಗತ್ತಿನಾದ್ಯಂತ ಇದೆ. ಪ್ರತಿ ಸೆಪ್ಟೆಂಬರ್‌ನಲ್ಲಿ ಅವರ ‘ಶಿಪ್‌ಟೆಂಬರ್’ ಸವಾಲು: ಒಂದೇ ತಿಂಗಳಲ್ಲಿ ಕನಿಷ್ಠ 100 ಸ್ಟಡ್ ಉದ್ದದ ನೌಕೆ ಮುಗಿಸಬೇಕು. ಸ್ಟಡ್ ಎಂದರೆ ಇಟ್ಟಿಗೆಯ ನೆತ್ತಿಯ ಮೇಲಿನ ದುಂಡು ಉಬ್ಬು. ಒಂದರಿಂದ ಇನ್ನೊಂದಕ್ಕೆ 8 ಮಿ.ಮೀ. ಅಂದರೆ ನೌಕೆ 80 ಸೆಂ.ಮೀ. ಆಗಲೇಬೇಕು. ಇಷ್ಟುದ್ದದ್ದು ನಡುವೆ ಬಾಗದಂತೆ ಒಳಗೊಂದು ಗಟ್ಟಿ ಬೆನ್ನೆಲುಬು ಬೇಕು.

ನಿಜವಾದ ಸೊಗಸಿರುವುದು ಲೆಕ್ಕದಲ್ಲಿ. ತೆಳು ಪ್ಲೇಟ್‌ನ ದಪ್ಪ 3.2 ಮಿ.ಮೀ. ಅಂಥ ಐದನ್ನು ಒಂದರ ಮೇಲೊಂದು ಪೇರಿಸಿದರೆ 16 ಮಿ.ಮೀ., ಸರಿಯಾಗಿ ಎರಡು ಸ್ಟಡ್‌ನ ಅಗಲ! ಎಂಥ ಹೊಂದಿಕೆ ನೋಡಿ. ಇದರಿಂದಲೇ ಇಟ್ಟಿಗೆಗಳನ್ನು ಪಕ್ಕಕ್ಕೆ ಮಲಗಿಸಿ ಜೋಡಿಸಲು, ಉಬ್ಬು ಕಾಣದ ನುಣುಪು ಮೈ ಕೊಡಲು ಸಾಧ್ಯವಾಗುತ್ತದೆ.

ಇಟ್ಟಿಗೆ ದುಬಾರಿ, ನಿಜ. ಆದರೆ ಮನೆಯಲ್ಲಿ ಕೂತು ಒಂದೂ ಇಟ್ಟಿಗೆ ಕೊಳ್ಳದೆ ಕಂಪ್ಯೂಟರ್‌ನಲ್ಲೇ ಇಡೀ ನೌಕೆಯನ್ನು ವಿನ್ಯಾಸ ಮಾಡಬಹುದು. ಅದಕ್ಕೆಂದು 1995ರಲ್ಲಿ ಆಸ್ಟ್ರೇಲಿಯಾದ ಜೇಮ್ಸ್ ಜೆಸ್ಸಿಮನ್ ರೂಪಿಸಿದ ‘ಎಲ್‌ಡ್ರಾ’ ತಂತ್ರಾಂಶ ಇಂದಿಗೂ ಉಚಿತ. ಅವರು 1997ರಲ್ಲೇ ತೀರಿಕೊಂಡರು. ಅಂದಿನಿಂದ ಹವ್ಯಾಸಿಗಳೇ ಹೊಸ ಬಿಡಿಭಾಗಗಳನ್ನು ಸೇರಿಸುತ್ತ ಅದನ್ನು ಬೆಳೆಸುತ್ತಿದ್ದಾರೆ.